ಎಮ್ಮಾಹು ಎಲ್ಲಿದೆ? ಒಂದು ಹೆಸರು, ನಾಲ್ಕು ಊರು

ಜೆರುಸಲೇಮಿನಲ್ಲಿ ನಿಂತು "ಎಮ್ಮಾಹುವಿಗೆ ಯಾವ ದಾರಿ?" ಅಂತ ಕೇಳಿ ನೋಡಿ. ನೀವು ಯಾರನ್ನು ಕೇಳಿದಿರಿ ಅನ್ನುವುದರ ಮೇಲೆ ದಾರಿ ಬದಲಾಗುತ್ತದೆ. ಫ್ರಾನ್ಸಿಸ್ಕನ್ ಸನ್ಯಾಸಿ ವಾಯವ್ಯಕ್ಕೆ ಕೈ ತೋರಿಸಿ ಅಲ್ ಕುಬೈಬಾ ಅನ್ನಬಹುದು. ಬೆನೆಡಿಕ್ಟೀನ್ ಮಠದವರು ಅಬು ಘೋಷ್‌ನ ತಮ್ಮ ಹಳೇ ಚರ್ಚನ್ನು ತೋರಿಸಬಹುದು. ಇತಿಹಾಸ ಓದಿದವರು ಇನ್ನೂ ದೂರ, ಲಟ್ರೂನ್ ಹತ್ತಿರದ ಇಮ್ವಾಸ್‌ಗೆ ಕಳಿಸಬಹುದು. ಲೆಕ್ಕ ಹಾಕುವ ಸ್ವಭಾವದವರು "ಅಷ್ಟು ದೂರ ಯಾಕೆ, ಇಲ್ಲೇ ಮೋಟ್ಸಾದಲ್ಲಿ ಇಳಿದುಬಿಡಿ" ಅಂದಾರು. 2019ರಲ್ಲಿ ಅಬು ಘೋಷ್‌ನ ನೆತ್ತಿಯ ಮೇಲಿರುವ ಗುಡ್ಡವೂ ಈ ಸಾಲಿಗೆ ಸೇರಿತು. ಗೋಜಲು ಇನ್ನೂ ಜಾಸ್ತಿಯಾಯಿತು.

ಮೊದಲು ಕಥೆ. ಲೂಕನ ಸುವಾರ್ತೆಯ 24ನೇ ಅಧ್ಯಾಯದಲ್ಲಿ ಅದು ಬರುತ್ತದೆ. ಯೇಸುವನ್ನು ಶಿಲುಬೆಗೆ ಹಾಕಿ ಮೂರನೇ ದಿನ. ಇಬ್ಬರು ಶಿಷ್ಯರು ಬೇಸರದಿಂದ ಜೆರುಸಲೇಮ್ ಬಿಟ್ಟು ಎಮ್ಮಾಹು ಅನ್ನುವ ಹಳ್ಳಿಗೆ ನಡೆದು ಹೊರಟಿದ್ದಾರೆ. ಒಬ್ಬನ ಹೆಸರು ಕ್ಲೆಯೊಫ. ಇನ್ನೊಬ್ಬನ ಹೆಸರನ್ನು ಲೂಕ ಹೇಳುವುದಿಲ್ಲ. ದಾರಿಯಲ್ಲಿ ಅಪರಿಚಿತನೊಬ್ಬ ಜೊತೆಯಾಗುತ್ತಾನೆ. ಹಳ್ಳಿ ತಲುಪುವ ಹೊತ್ತಿಗೆ ಸಂಜೆ. "ಕತ್ತಲಾಗ್ತಾ ಬಂತು, ನಮ್ಮ ಜೊತೆಗೇ ಇರು" ಅಂತ ಇವರು ಒತ್ತಾಯ ಮಾಡುತ್ತಾರೆ. ಊಟಕ್ಕೆ ಕೂತಾಗ ಅವನು ರೊಟ್ಟಿ ಮುರಿಯುತ್ತಾನೆ. ಆಗ ಗುರುತು ಸಿಗುತ್ತದೆ, ಇವನು ಯೇಸು ಅಂತ. ಅಷ್ಟರಲ್ಲಿ ಅವನು ಕಣ್ಮರೆ. ಇಬ್ಬರೂ ಆ ಗಳಿಗೆಯಲ್ಲೇ ಎದ್ದು ಜೆರುಸಲೇಮಿಗೆ ವಾಪಸ್ ಹೋಗಿ ಉಳಿದವರಿಗೆ ಸುದ್ದಿ ಮುಟ್ಟಿಸುತ್ತಾರೆ.

ಬೈಬಲಿನಲ್ಲಿ ಗುರುತು ಸಿಗದ ಊರುಗಳು ಬೇಕಾದಷ್ಟಿವೆ. ಆದರೆ ಎಮ್ಮಾಹುವಿಗೆ ಲೂಕ ದೂರವನ್ನೂ ಕೊಟ್ಟಿದ್ದಾನೆ. ತಕರಾರು ಶುರುವಾಗುವುದೇ ಅಲ್ಲಿ. ಬಹುಪಾಲು ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಆ ದೂರ 60 ಸ್ಟೇಡಿಯ. ಒಂದು ಸ್ಟೇಡಿಯ ಅಂದರೆ ಸುಮಾರು 185 ಮೀಟರ್. ಒಟ್ಟು 11 ಕಿಲೋಮೀಟರ್. ಮೂರನೇ ಶತಮಾನದ ಪಪೈರಸ್ ಪ್ರತಿಯಲ್ಲಿ ಹೀಗಿದೆ, ನಾಲ್ಕನೇ ಶತಮಾನದ ವ್ಯಾಟಿಕನ್ ಪ್ರತಿಯಲ್ಲೂ ಹೀಗೇ ಇದೆ. ಆದರೆ ಅದೇ ನಾಲ್ಕನೇ ಶತಮಾನದ ಸಿನಾಯ್ ಪ್ರತಿಯಲ್ಲಿ 160 ಅಂತಿದೆ. ಅಂದರೆ ಹತ್ತಿರ ಹತ್ತಿರ 30 ಕಿಲೋಮೀಟರ್.

ವ್ಯತ್ಯಾಸ ಇರುವುದು "ನೂರು" ಅನ್ನುವ ಒಂದೇ ಒಂದು ಪದದಲ್ಲಿ. ಆ ಪದವನ್ನು ಯಾರೋ ಸೇರಿಸಿದರೋ, ಯಾರೋ ತೆಗೆದರೋ?

ಸೇರಿಸಿದರು ಅನ್ನುವವರ ವಾದ ಹೀಗಿದೆ. ನಾಲ್ಕನೇ ಶತಮಾನಕ್ಕೆ ಎಮ್ಮಾಹು ಅಂದರೆ ಜೆರುಸಲೇಮಿನಿಂದ 30 ಕಿಲೋಮೀಟರ್ ಆಚೆಗಿನ ಪಟ್ಟಣ ಅಂತ ಎಲ್ಲರಿಗೂ ಗೊತ್ತಿತ್ತು. ಪ್ರತಿ ಮಾಡುವವನು ಅದಕ್ಕೆ ಹೊಂದುವಂತೆ ಲೆಕ್ಕ ಸರಿ ಮಾಡಿದ. ತೆಗೆದರು ಅನ್ನುವವರದು ಕಾಲುನೋವಿನ ವಾದ. 30 ಕಿಲೋಮೀಟರ್ ನಡೆದು, ಊಟಕ್ಕೆ ಕೂತು, ರಾತ್ರಿಯೇ ಮತ್ತೆ 30 ಕಿಲೋಮೀಟರ್ ಬೆಟ್ಟ ಹತ್ತಿ ವಾಪಸ್ ಹೋಗುವುದು ಸಾಧ್ಯವೇ ಅಂತ ಯಾವನೋ ಲಿಪಿಕಾರನಿಗೆ ಅನಿಸಿತು, ಅವನು "ನೂರು" ಕೈಬಿಟ್ಟ. ನನಗೇನೋ ಎರಡನೆಯದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ. ಕತ್ತೆಯೋ ಗಾಡಿಯೋ ಇಲ್ಲದೆ ಬರೀ ಕಾಲ ಮೇಲೆ ಬದುಕಿದ ಜನಕ್ಕೆ 30 ಕಿಲೋಮೀಟರ್ ಒಂದು ದಿನದ ದಾರಿ ಅಷ್ಟೆ. ಅದನ್ನು ಎರಡು ಸಲ ನಡೆಯುವುದು ಹೆಚ್ಚೇ, ನಿಜ. ಆದರೆ ಸತ್ತವನು ಎದ್ದು ಬಂದಿದ್ದಾನೆ ಅನ್ನುವ ಸುದ್ದಿ ಇಟ್ಟುಕೊಂಡವರು ಬೆಳಗಾಗಲಿ ಅಂತ ಕಾಯುತ್ತಾರಾ?

ಇನ್ನು ಹೆಸರು. ಎಮ್ಮಾಹುವಿನ ಗ್ರೀಕ್ ರೂಪ ಎಮ್ಮಾವುಸ್. ಅದು ಹೀಬ್ರೂವಿನ "ಹಮ್ಮಾ" ಅಥವಾ "ಹಮ್ಮತ್"ನಿಂದ ಬಂದಿದೆ ಅಂತ ಹೆಚ್ಚಿನವರು ಹೇಳುತ್ತಾರೆ. ಅಂದರೆ ಬಿಸಿನೀರಿನ ಊಟೆ. ಇದಕ್ಕೆ ಒಳ್ಳೆಯ ಆಧಾರವೂ ಇದೆ. ಗಲಿಲಾಯದ ತಿಬೇರಿಯ ಪಕ್ಕದಲ್ಲಿ ನಿಜವಾದ ಬಿಸಿನೀರ ಊಟೆಗಳಿವೆ. ಅಲ್ಲಿನ ಇದೇ ಥರದ ಹೆಸರಿಗೆ ಬಿಸಿನೀರಿನ ಸ್ನಾನ ಅಂತ ಅರ್ಥ ಎಂದು ಒಂದನೇ ಶತಮಾನದ ಯಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಆದರೆ ಇಮ್ವಾಸ್‌ನಲ್ಲಿ ನೀರು ಧಾರಾಳ, ಬಿಸಿ ಇಲ್ಲ. ಹಳೆಯ ಯಹೂದಿ ಗ್ರಂಥಗಳು ಎಮ್ಮಾವುಸನ್ನು ಒಳ್ಳೆಯ ನೀರಿನ, ಸುಖವಾದ ಊರು ಅಂತ ಹೊಗಳುತ್ತವೆ. ಒಬ್ಬ ದೊಡ್ಡ ರಬ್ಬಿ ಆ ನೀರಿನ ಆಸೆಗೆ ಅಲ್ಲಿ ಹೋಗಿ ನೆಲೆಸಿ, ಕಲಿತ ವಿದ್ಯೆಯನ್ನೆಲ್ಲ ಮರೆತ ಅಂತ ಕಥೆಯೂ ಇದೆ. ಸ್ನಾನದ ಮನೆಗಳಿಂದ ಹೆಸರು ಬಂದಿತೋ, ಊಟೆಯಿಂದ ಬಂದಿತೋ, ಅಂತೂ ಹೆಸರಿನಲ್ಲಿ ನೀರು ಇದೆ. ತಮಾಷೆ ಅಂದರೆ ಕೋಡೆಕ್ಸ್ ಬೆಜೆ ಅನ್ನುವ ಹಸ್ತಪ್ರತಿಯಲ್ಲಿ ಹೆಸರೇ ಬೇರೆ, ಊಲಮ್ಮಾವುಸ್. ಅದು ಯಾಕೋಬ ಕನಸು ಕಂಡ ಬೇತೇಲಿನ ಹಳೇ ಹೆಸರಿನ ಗ್ರೀಕ್ ರೂಪವನ್ನು ಹೋಲುತ್ತದೆ. ಹಾಗಾಗಿ ಬೇತೇಲಿನ ಕಡೆ ಕೈ ತೋರಿಸಿದವರೂ ಇದ್ದಾರೆ. ಆ ಕಡೆ ನಾವು ಹೋಗುವುದು ಬೇಡ.

ಲಟ್ರೂನ್ ಹತ್ತಿರದ ಎಮ್ಮಾವುಸ್, ಅಂದರೆ ಇಮ್ವಾಸ್, ಸಣ್ಣ ಊರಲ್ಲ. ಕ್ರಿ.ಪೂ. ಎರಡನೇ ಶತಮಾನದಲ್ಲಿ ಯಹೂದಿ ದಂಗೆಯ ನಾಯಕ ಜೂದಾ ಮಕ್ಕಬಿ ಆಗ ಆ ನಾಡನ್ನು ಆಳುತ್ತಿದ್ದ ಗ್ರೀಕ್ ಮೂಲದ ಸೆಲ್ಯೂಕಿಡ್ ರಾಜರ ಸೇನೆಯನ್ನು ಸೋಲಿಸಿದ್ದು ಇಲ್ಲೇ. ಕರಾವಳಿಯಿಂದ ಜೆರುಸಲೇಮಿನ ಬೆಟ್ಟ ಹತ್ತುವ ಬಾಯಿಯಲ್ಲಿ ಊರು ಕೂತಿತ್ತು. ಹಾಗಾಗಿ ಬಂದವರೆಲ್ಲ ಇದನ್ನು ತುಳಿದೇ ಹೋದರು. ಯೂದಾಯದ ರಾಜ ಹೆರೋದ ಸತ್ತ ವರ್ಷ, ಕ್ರಿ.ಪೂ. 4ರಲ್ಲಿ, ದಂಗೆಕೋರರು ಇದರ ಹತ್ತಿರ ರೋಮನ್ ತುಕಡಿಯ ಮೇಲೆ ಬಿದ್ದರು. ಅದಕ್ಕೆ ಪ್ರತಿಯಾಗಿ ಸಿರಿಯಾದ ರೋಮನ್ ಅಧಿಕಾರಿ ವಾರುಸ್ ಊರನ್ನೇ ಸುಟ್ಟ. "ಲೂಕ ಹಳ್ಳಿ ಅಂತಾನೆ, ಇದು ಪಟ್ಟಣ, ಹೊಂದುವುದಿಲ್ಲ" ಅನ್ನುವವರಿಗೆ ಇಮ್ವಾಸ್ ಪಕ್ಷದವರ ಉತ್ತರ ಇದೇ: ಸುಟ್ಟ ಊರು ಮೂವತ್ತು ವರ್ಷದ ನಂತರ ಹಳ್ಳಿಯೇ ಆಗಿದ್ದಿರಬಹುದು, ಅಲ್ವಾ?

ಮೂರನೇ ಶತಮಾನದಲ್ಲಿ ಜೂಲಿಯಸ್ ಆಫ್ರಿಕಾನುಸ್ ಅನ್ನುವ ಕ್ರೈಸ್ತ ಪಂಡಿತ ರೋಮಿಗೆ ನಿಯೋಗ ಕೊಂಡೊಯ್ದ. ಊರಿಗೆ ನಗರದ ಪಟ್ಟ ಸಿಕ್ಕಿತು, ನಿಕೊಪೊಲಿಸ್ ಅನ್ನುವ ಹೊಸ ಹೆಸರೂ ಬಂತು. ವಿಜಯನಗರ ಅಂತ ಅರ್ಥ. ನಾಲ್ಕನೇ ಶತಮಾನದಲ್ಲಿ ಬಿಷಪ್ ಯೂಸೇಬಿಯಸ್ ತನ್ನ ಊರಹೆಸರುಗಳ ಪಟ್ಟಿಯಲ್ಲಿ ಕ್ಲೆಯೊಫನ ಎಮ್ಮಾವುಸ್ ಇದೇ ನಿಕೊಪೊಲಿಸ್ ಅಂತ ಬರೆದ. ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮ್ ಹೌದು ಅಂದ. ಬೈಜಾಂಟಿಯನ್, ಅಂದರೆ ಪೂರ್ವ ರೋಮನ್ ಆಳ್ವಿಕೆಯ ಕಾಲದಲ್ಲಿ ದೊಡ್ಡ ಚರ್ಚು ಎದ್ದಿತು. ಅಲ್ಲಿಗೆ ವ್ಯಾಜ್ಯ ಮುಗಿದಂತೆ ಇತ್ತು. ಏಳನೇ ಶತಮಾನದಲ್ಲಿ ಅರಬರು ಬಂದರು. ನಿಕೊಪೊಲಿಸ್ ಅನ್ನುವ ಗ್ರೀಕ್ ಹೆಸರು ಉದುರಿ ಹಳೆಯ ಹೆಸರೇ ಉಳಿಯಿತು, ಅಮ್ವಾಸ್ ಅಥವಾ ಇಮ್ವಾಸ್ ಅಂತ. ಮುಸ್ಲಿಮರಿಗೆ ಈ ಹೆಸರು ನೆನಪಾಗುವುದು ಬೇರೆ ಕಾರಣಕ್ಕೆ. 639ರ ಸುಮಾರಿಗೆ ಇಲ್ಲಿನ ಸೇನಾ ಶಿಬಿರದಲ್ಲಿ ಪ್ಲೇಗ್ ಎದ್ದು ಪ್ರವಾದಿಯ ಒಡನಾಡಿ ಅಬು ಉಬೈದಾ ಸೇರಿ ಸಾವಿರಾರು ಜನ ತೀರಿಹೋದರು. ಕೊರೊನಾ ಕಾಲದಲ್ಲಿ "ಅಮ್ವಾಸ್ ಪ್ಲೇಗ್" ಮತ್ತೆ ಮಾತಿಗೆ ಬಂದಿತ್ತು.

ಆಮೇಲೆ ಕ್ರುಸೇಡಿನ ಕಾಲ, ಯುರೋಪಿನ ಕ್ರೈಸ್ತರು ಜೆರುಸಲೇಮಿಗಾಗಿ ಯುದ್ಧಕ್ಕೆ ಬಂದ ಕಾಲ. ಯುರೋಪಿನಿಂದ ಬಂದವರ ಕೈಯಲ್ಲಿದ್ದ ಬೈಬಲಿನಲ್ಲಿ 60 ಸ್ಟೇಡಿಯ. ಅವರು ಜೆರುಸಲೇಮಿನಿಂದ ಅಷ್ಟು ದೂರ ಅಳೆದು, ಒಳ್ಳೆಯ ಊಟೆ ಇರುವ ಜಾಗ ನೋಡಿ, ಈಗಿನ ಅಬು ಘೋಷ್‌ನಲ್ಲಿ ಗಟ್ಟಿಮುಟ್ಟಾದ ಚರ್ಚು ಕಟ್ಟಿದರು. ಅದು ಇವತ್ತಿಗೂ ನಿಂತಿದೆ. ಅವರು ಹೊರಟುಹೋದ ಮೇಲೆ ಆ ನೆನಪು ಮಸುಕಾಯಿತು. 15ನೇ ಶತಮಾನದ ಕೊನೆಯ ಹೊತ್ತಿಗೆ ಫ್ರಾನ್ಸಿಸ್ಕನರು ಯಾತ್ರಿಕರನ್ನು ಕುಬೈಬಾಕ್ಕೆ ಕರೆದೊಯ್ಯಲು ಶುರು ಮಾಡಿದ್ದರು. ಅದಕ್ಕೂ 60 ಸ್ಟೇಡಿಯ ಹೊಂದುತ್ತದೆ. ಆ ಹೆಸರು ಮಾತ್ರ ಅಲ್ಲಿ ಯಾವತ್ತೂ ಇರಲಿಲ್ಲ.

ನನಗೆ ಇಡೀ ಕಥೆಯಲ್ಲಿ ಹೆಚ್ಚು ರುಚಿಸುವುದು 19ನೇ ಶತಮಾನ. 1838ರಲ್ಲಿ ಅಮೆರಿಕದ ಪಂಡಿತ ಎಡ್ವರ್ಡ್ ರಾಬಿನ್ಸನ್ ಕುದುರೆ ಏರಿ ಪ್ಯಾಲೆಸ್ತೀನ್ ಸುತ್ತಿದ. ಜೊತೆಗೆ ಅರಬ್ಬಿ ಚೆನ್ನಾಗಿ ಬಲ್ಲ ಮಿಶನರಿ ಎಲೈ ಸ್ಮಿತ್. ಅವರ ವಿಧಾನ ಸರಳ. ಮಠಗಳ ಮಾತು ಬದಿಗಿಟ್ಟು, ಹೊಲದಲ್ಲಿರುವ ರೈತನನ್ನು "ಈ ದಿಬ್ಬಕ್ಕೆ ಏನಂತೀರಿ?" ಅಂತ ಕೇಳುವುದು. ರಾಜರು ಬದಲಾದರು, ಭಾಷೆ ಅರಮಾಯಿಕ್ ಹೋಗಿ ಅರಬ್ಬಿಯಾಯಿತು, ಆದರೂ ಊರಿನವರ ಬಾಯಲ್ಲಿ ಸಾವಿರಾರು ವರ್ಷದ ಹೆಸರುಗಳು ಸ್ವಲ್ಪವೇ ಸವೆದು ಉಳಿದಿದ್ದವು. ಹೀಗೆ ರಾಬಿನ್ಸನ್ ಎಷ್ಟೋ ಊರು ಗುರುತಿಸಿದ. ಎಮ್ಮಾಹು ವಿಷಯದಲ್ಲೂ ಅವನು ಇಮ್ವಾಸ್ ಪರ ನಿಂತ, 160ರ ಪಾಠವೇ ಸರಿ ಅಂದ.

ಇದೇ ಹೊತ್ತಿಗೆ ಜಾಗಗಳಿಗೆ ಯುರೋಪಿನ ಹಣ ಬರತೊಡಗಿತು. 1861ರಲ್ಲಿ ಫ್ರಾನ್ಸಿನ ಭಕ್ತೆಯೊಬ್ಬರು ಕುಬೈಬಾದ ಜಾಗ ಕೊಂಡರು. ಅದು ಫ್ರಾನ್ಸಿಸ್ಕನರ ಕೈ ಸೇರಿತು. 1873ರಲ್ಲಿ ಅಬು ಘೋಷ್‌ನ ಹಳೆಯ ಚರ್ಚು ಫ್ರಾನ್ಸಿಗೆ ಸಿಕ್ಕಿತು. ಇಮ್ವಾಸ್‌ಗೆ ಮಾತ್ರ ಇನ್ನೂ ಯಾರೂ ಇರಲಿಲ್ಲ.

ಇಮ್ವಾಸ್ ಕಥೆಯಲ್ಲಿ ನಮ್ಮ ಮಂಗಳೂರು ಸಣ್ಣದಾಗಿ ಹಾದುಹೋಗುತ್ತದೆ. ಮರಿಯಂ ಬವಾರ್ದಿ ಅನ್ನುವ ಅರಬ್ ಹುಡುಗಿ 1846ರಲ್ಲಿ ಗಲಿಲಾಯದ ಇಬಿಲ್ಲಿನ್ ಹಳ್ಳಿಯಲ್ಲಿ ಹುಟ್ಟಿದಳು. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಇಲ್ಲ. ಮನೆಗೆಲಸ ಮಾಡುತ್ತಾ ಊರೂರು ಸುತ್ತಿ, ಕೊನೆಗೆ ಫ್ರಾನ್ಸಿನ ಪೋ ಪಟ್ಟಣದ ಕಾರ್ಮೆಲ್ ಮಠ ಸೇರಿದಳು. 1870ರಲ್ಲಿ ಆ ಮಠದವರು ಮಂಗಳೂರಿನಲ್ಲಿ ಹೊಸ ಮಠ ತೆರೆಯಲು ಹಡಗು ಹತ್ತಿದಾಗ ಅವಳೂ ಬಂದಳು. 1871ರ ನವೆಂಬರಿನಲ್ಲಿ ಮಂಗಳೂರಿನಲ್ಲೇ ಅವಳು ಸನ್ಯಾಸದ ವಚನ ಕೊಟ್ಟದ್ದು. ಅವಳಿಗೆ ದರ್ಶನಗಳು ಆಗುತ್ತಿದ್ದವಂತೆ. ಅದರ ಬಗ್ಗೆ ಅನುಮಾನ ಎದ್ದಿತು. ಮರುವರ್ಷ ಅವಳನ್ನು ಫ್ರಾನ್ಸಿಗೆ ವಾಪಸ್ ಕಳಿಸಲಾಯಿತು. 1875ರಲ್ಲಿ ಅವಳು ಬೆತ್ಲೆಹೇಮಿಗೆ ಹೋಗಿ ಅಲ್ಲಿ ಕಾರ್ಮೆಲ್ ಮಠ ಕಟ್ಟಲು ನಿಂತಳು.

1878ರಲ್ಲಿ, ತಾನು ಸಾಯುವ ಕೆಲವೇ ತಿಂಗಳ ಮೊದಲು, ಅವಳು ಇಮ್ವಾಸ್‌ನ ಪಾಳುಬಿದ್ದ ಚರ್ಚಿನ ಜಾಗ ನೋಡಿ ಯೇಸು ರೊಟ್ಟಿ ಮುರಿದದ್ದು ಇಲ್ಲೇ ಅಂದಳು. ಓದು ಬರಹ ಅಷ್ಟಕ್ಕಷ್ಟೇ ಇದ್ದ ಹೆಣ್ಣುಮಗಳು. ಯೂಸೇಬಿಯಸನನ್ನೂ ಸಿನಾಯ್ ಪ್ರತಿಯನ್ನೂ ಓದಿದವಳಲ್ಲ. ಬೆತ್ಲೆಹೇಮಿನ ಕಾರ್ಮೆಲ್ ಮಠ ಆ ಜಾಗ ಕೊಂಡಿತು. 1880ರ ದಶಕದಲ್ಲಿ ಅಗೆತ ಶುರುವಾಯಿತು. ಬೈಜಾಂಟಿಯನ್ ಚರ್ಚಿನ ಅಡಿಪಾಯವೂ ಅದರೊಳಗೆ ಕ್ರುಸೇಡ್ ಕಾಲದ ಚಿಕ್ಕ ಚರ್ಚೂ ಹೊರಬಂದವು. ದರ್ಶನ ಪುರಾವೆ ಅಲ್ಲ, ಒಪ್ಪೋಣ. ಆದರೆ ಊರಿನ ರೈತರು ಬಿಡದೆ ಹೇಳುತ್ತಿದ್ದ ಹೆಸರನ್ನೇ ಅವಳೂ ಹೇಳಿದಳು. ಪೋಪ್ ಫ್ರಾನ್ಸಿಸ್ 2015ರಲ್ಲಿ ಅವಳನ್ನು ಸಂತಳೆಂದು ಸಾರಿದರು.

ಅಗೆತದಿಂದ ಜಗಳ ನಿಲ್ಲಲಿಲ್ಲ. ಇಮ್ವಾಸ್ ಪಕ್ಷ, ಕುಬೈಬಾ ಪಕ್ಷ ಅಂತ ಎರಡಾಗಿ ಪುಸ್ತಕದ ಮೇಲೆ ಪುಸ್ತಕ ಬಂದವು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಕುಬೈಬಾದಲ್ಲಿ ಹೊಸ ಚರ್ಚೇ ಎದ್ದಿತು. 1920ರ ದಶಕದಲ್ಲಿ ಡೊಮಿನಿಕನ್ ಪಂಡಿತರಾದ ವೆನ್ಸಾನ್ ಮತ್ತು ಆಬೆಲ್ ಇಮ್ವಾಸನ್ನು ಮತ್ತೆ ಅಗೆದರು. ಈಸ್ಟರ್ ಮರುದಿನ ಸೋಮವಾರ ಫ್ರಾನ್ಸಿಸ್ಕನರು ಇವತ್ತಿಗೂ ಕುಬೈಬಾದಲ್ಲೇ ರೊಟ್ಟಿ ಹರಸುತ್ತಾರೆ.

ಮೋಟ್ಸಾ ವಾದಕ್ಕೂ ಒಂದು ಮಾತು. ಒಂದನೇ ಶತಮಾನದಲ್ಲಿ ರೋಮನರ ವಿರುದ್ಧ ಯಹೂದಿಗಳ ಯುದ್ಧ ಮುಗಿದ ಮೇಲೆ ರೋಮಿನ ವೆಸ್ಪಾಸಿಯನ್ ಚಕ್ರವರ್ತಿ 800 ನಿವೃತ್ತ ಸೈನಿಕರಿಗೆ ಜೆರುಸಲೇಮಿನಿಂದ 30 ಸ್ಟೇಡಿಯ ದೂರದ ಅಮ್ಮಾವುಸ್‌ನಲ್ಲಿ ಜಮೀನು ಕೊಟ್ಟ ಅಂತ ಜೋಸೆಫಸ್ ಬರೆಯುತ್ತಾನೆ. ಸೈನಿಕರ ಕಾಲೊನಿ ಆದ್ದರಿಂದ ಊರಿಗೆ ಕಾಲೊನಿಯಾ ಅನ್ನುವ ಹೆಸರು ಬಂತು, ಅದೇ ಅರಬ್ಬಿಯಲ್ಲಿ ಕಲೋನಿಯಾ ಆಯಿತು. ಈಗಿನ ಮೋಟ್ಸಾ ಇರುವುದು ಅಲ್ಲೇ. ಹೋಗಿ ಬರುವ ದಾರಿ ಸೇರಿಸಿದರೆ 60 ಸ್ಟೇಡಿಯ, ಲೂಕ ಹೇಳಿದ್ದು ಅದನ್ನೇ ಅಂತಾರೆ. ನಡೆದ ಕಾಲುಗಳಿಗೆ ಇದು ಹಿತವಾದ ವಾದ. ಆದರೆ "ಆ ಊರು ಇಷ್ಟು ದೂರ" ಅಂದಾಗ ಯಾರಾದರೂ ವಾಪಸ್ ಬರುವ ದಾರಿಯನ್ನೂ ಕೂಡಿಸಿ ಹೇಳುತ್ತಾರಾ?

ಕಡೆಯ ವಾದ 2019ರದು. ಅಬು ಘೋಷ್ ಮೇಲಿನ ಗುಡ್ಡವನ್ನು ಬೈಬಲಿನ ಕಿರ್ಯತ್ ಯಾರೀಮ್ ಅಂತ ಗುರುತಿಸುತ್ತಾರೆ. 2017ರಿಂದ ಅಲ್ಲಿ ಅಗೆತ ನಡೆಸಿದ ಪಂಡಿತರಾದ ಇಸ್ರೇಲ್ ಫಿಂಕೆಲ್‌ಸ್ಟೈನ್ ಮತ್ತು ಥಾಮಸ್ ರೋಮರ್ ಅವರಿಗೆ ಗ್ರೀಕ್ ಆಳ್ವಿಕೆಯ ಕಾಲದ ಕೋಟೆಗೋಡೆಯ ಕುರುಹು ಸಿಕ್ಕಿತು. ಸೆಲ್ಯೂಕಿಡ್ ಸೇನಾಪತಿ ಬಕ್ಖಿದೆಸ್ ಕೋಟೆ ಕಟ್ಟಿಸಿದ ಊರುಗಳಲ್ಲಿ ಎಮ್ಮಾವುಸ್ ಒಂದು ಅಂತ ಮಕ್ಕಬಿಯರ ಗ್ರಂಥ ಹೇಳುತ್ತದೆ. ಆ ಎಮ್ಮಾವುಸ್ ಇದೇ ಇರಬಹುದು, ದೂರವೂ 60 ಸ್ಟೇಡಿಯಕ್ಕೆ ಹತ್ತಿರ ಅನ್ನುವುದು ಅವರ ಸಲಹೆ. ಗೋಡೆ ಸಿಕ್ಕಿದೆ, ಹೆಸರು ಬರೆದ ಕಲ್ಲು ಸಿಕ್ಕಿಲ್ಲ.

ಹೆಸರು ಜನರ ಬಾಯಲ್ಲಿ ಬಿಡದೆ ಉಳಿದದ್ದು ಇಮ್ವಾಸ್‌ನಲ್ಲಿ. ಅದೂ 1967ರ ಜೂನ್ ತನಕ. ಆರು ದಿನದ ಯುದ್ಧದಲ್ಲಿ ಊರು ಇಸ್ರೇಲ್ ಹಿಡಿತಕ್ಕೆ ಬಂತು. ಇಮ್ವಾಸ್, ಪಕ್ಕದ ಯಾಲೋ, ಬೇತ್ ನೂಬಾ, ಮೂರೂ ಊರಿನವರನ್ನು ಹೊರಡಿಸಲಾಯಿತು. ಜನ ರಾಮಲ್ಲಾ ಕಡೆ ನಡೆದೇ ಹೋದರು. ಮನೆಗಳು ನೆಲಸಮವಾದವು. ಹಳೆಯ ಚರ್ಚಿನ ಪಾಳು ಗೋಡೆಗಳು ಮಾತ್ರ ಉಳಿದವು, ಯಾತ್ರಿಕರು ಅಲ್ಲಿಗೆ ಈಗಲೂ ಬರುತ್ತಾರೆ. ಊರಿದ್ದ ಜಾಗದಲ್ಲಿ 1970ರ ದಶಕದಲ್ಲಿ ಕೆನಡಾದವರ ದೇಣಿಗೆಯಿಂದ ಮರ ನೆಟ್ಟರು. ಈಗ ಅಲ್ಲಿ ರಜಾ ದಿನಗಳಲ್ಲಿ ಜನ ಬುತ್ತಿ ಕಟ್ಟಿಕೊಂಡು ಬಂದು ನೆರಳಲ್ಲಿ ಕೂತು ಉಣ್ಣುತ್ತಾರೆ. ಆ ಜಾಗವನ್ನು ಕೆನಡಾ ಪಾರ್ಕ್ ಅಂತ ಕರೆಯುತ್ತಾರೆ.