ಪೌಲಾ ವೆಸ್ಸೆಲಿ (1907–2000): ಅಧ್ಯಯನ ಟಿಪ್ಪಣಿ

ಆಸ್ಟ್ರಿಯಾದ ನಟಿ ವೆಸ್ಸೆಲಿ ಯಾರು ಎಂಬ ಪ್ರಶ್ನೆಗೆ ‘ಬುರ್ಗ್‌ಥಿಯೇಟರ್ (ವಿಯೆನ್ನಾದ ರಾಷ್ಟ್ರೀಯ ರಂಗಮಂದಿರ) ನಟಿ’ ಎಂದಷ್ಟೇ ಬರೆದರೆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ಆ ತಂಡಕ್ಕೆ ಆಕೆ ಸೇರಿದ್ದು 1953ರಲ್ಲಿ, 46ನೇ ವಯಸ್ಸಿಗೆ. ಹೆಸರು ಮಾಡಿದ್ದು ಅದಕ್ಕೂ ಬಹಳ ಮೊದಲೇ.

ಹುಟ್ಟಿದ್ದು ವಿಯೆನ್ನಾದಲ್ಲಿ, ಮಾಂಸದ ವ್ಯಾಪಾರಿಯ ಮಗಳಾಗಿ. ಸೋದರತ್ತೆ ಜೋಸೆಫೀನ್ ಕೂಡ ನಟಿ. 1924ರಲ್ಲಿ ಅಲ್ಲಿನ ಫೋಲ್ಕ್ಸ್‌ಥಿಯೇಟರಿನಲ್ಲಿ ರಂಗಪ್ರವೇಶ, 1926ರಲ್ಲಿ ಪ್ರಾಗ್‌ನ ಜರ್ಮನ್ ರಂಗಮಂದಿರ, 1929ರಿಂದ ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ಅವರ ಯೋಸೆಫ್‌ಸ್ಟಾಟ್ ರಂಗಮಂದಿರ (ವಿಯೆನ್ನಾ). ನಟ ಅಟ್ಟಿಲಾ ಹೋರ್ಬಿಗರ್ ಜತೆ ಮದುವೆ 1935ರಲ್ಲಿ; ಮೂವರು ಹೆಣ್ಣುಮಕ್ಕಳೂ ನಟಿಯರಾದರು.

ಎರಡು ಪಾತ್ರಗಳನ್ನು ಜೋಡಿಸಿ ಓದಿ: 1932ರಲ್ಲಿ ಬರ್ಲಿನ್‌ನಲ್ಲಿ ಜರ್ಮನ್ ನಾಟಕಕಾರ ಹೌಪ್ಟ್‌ಮನ್‌ನ ನಾಯಕಿ ರೋಸ್ ಬೆರ್ನ್ಡ್, 1933ರಲ್ಲಿ ಸಾಲ್ಜ್‌ಬರ್ಗ್ ಉತ್ಸವದಲ್ಲಿ ಗಯಟೆಯ ‘ಫೌಸ್ಟ್’ನ ಗ್ರೆಟ್ಶೆನ್. ಇಬ್ಬರೂ ಮದುವೆಯಿಲ್ಲದೆ ಬಸಿರಾಗಿ, ಹೆತ್ತ ಕೂಸನ್ನೇ ಕೊಂದವರು. ಅಬ್ಬರಿಸಲು ಎಲ್ಲ ಅವಕಾಶವಿದ್ದ ಪಾತ್ರಗಳವು. ವೆಸ್ಸೆಲಿ ಅವನ್ನು ಅಬ್ಬರವಿಲ್ಲದೆ, ಸಹಜ ಮಾತಿನ ದನಿಯಲ್ಲೇ ಆಡಿದಳು. ಸಾಲ್ಜ್‌ಬರ್ಗ್‌ನಲ್ಲಿ ಅದು ಇನ್ನೂ ಕಷ್ಟ: ಬಂಡೆ ಕೊರೆದ ಹಳೆಯ ಕುದುರೆ ಸವಾರಿ ಅಂಗಳದಲ್ಲಿ ವಾಸ್ತುಶಿಲ್ಪಿ ಹೋಲ್ಟ್ಸ್‌ಮೈಸ್ಟರ್ ರಂಗಸಜ್ಜಿಕೆಯಾಗಿ ಒಂದು ಊರನ್ನೇ ಕಟ್ಟಿದ್ದರು. ಆ ಬೃಹತ್ ರಂಗಸಜ್ಜಿಕೆಯಲ್ಲೂ ಆಕೆಯ ಮೆಲುದನಿ ನಿಂತಿತು. ಅದೇ ಗುಣ 1934ರ ‘ಮಾಸ್ಕೆರಾಡೆ’ ಚಿತ್ರದಲ್ಲಿ ಕ್ಯಾಮೆರಾಕ್ಕೂ ಒಗ್ಗಿತು.

ಓದುವವರು ಹೆಚ್ಚಾಗಿ ಹಾರಿಸಿಬಿಡುವ ಭಾಗ ಮುಂದಿನದು, ಹಾರಿಸಬಾರದ್ದೂ ಅದೇ. 1938ರಲ್ಲಿ ಆಸ್ಟ್ರಿಯಾ ಹಿಟ್ಲರನ ವಶವಾಯಿತು. ಯಹೂದಿಯಾದ ರೈನ್‌ಹಾರ್ಟ್ ಅಮೆರಿಕದಲ್ಲೇ ಉಳಿಯಬೇಕಾಯಿತು. ವೆಸ್ಸೆಲಿ ಆ ವಿಲೀನವನ್ನು ಬಹಿರಂಗವಾಗಿ ಬೆಂಬಲಿಸಿದಳು. 1941ರ ‘ಹೈಮ್‌ಕೇರ್’ ಚಿತ್ರದಲ್ಲಿ ಪೋಲೆಂಡಿನ ಜರ್ಮನ್ ಶಿಕ್ಷಕಿಯಾಗಿ ನಟಿಸಿದಳು. ಪೋಲೆಂಡಿನ ಮೇಲೆ ದಾಳಿ ಮಾಡಿದ್ದು ಜರ್ಮನಿ. ಆದರೂ ಚಿತ್ರ ಪೋಲರನ್ನೇ ಕ್ರೂರಿಗಳಾಗಿಸುತ್ತದೆ. ಯಹೂದಿ ವ್ಯಾಪಾರಿಯನ್ನು ಹೀಯಾಳಿಸುವ ಮಾತು ಈಕೆಯ ಬಾಯಲ್ಲೇ ಇದೆ. ‘ಕಾಲ ಹಾಗಿತ್ತು’ ಎಂದು ತೇಲಿಸಿ ಬರೆಯುವುದು ತಪ್ಪು: ಪ್ರೇಕ್ಷಕರನ್ನು ನಂಬಿಸುತ್ತಿದ್ದ ಆ ಸಹಜ ದನಿಯೇ ಇಲ್ಲಿ ಪ್ರಚಾರಕ್ಕೆ ದುಡಿಯಿತು.

ಯುದ್ಧದ ನಂತರ ಆಕೆಯ ನಟನೆಗೆ ಬಿದ್ದ ನಿಷೇಧ ಅಲ್ಪಕಾಲದ್ದು. 1946ರಲ್ಲೇ ಯೋಸೆಫ್‌ಸ್ಟಾಟ್‌ನಲ್ಲಿ, ನಾಜಿಗಳಿಂದ ತಪ್ಪಿಸಿಕೊಂಡು ದೇಶ ಬಿಟ್ಟಿದ್ದ ನಾಟಕಕಾರ ಬ್ರೆಕ್ಟ್‌ನ ‘ಸೆಜುವಾನಿನ ಒಳ್ಳೆಯ ವ್ಯಕ್ತಿ’ ನಾಟಕದ ನಾಯಕಿ ಶೆನ್ ತೆ ಪಾತ್ರ ಸಿಕ್ಕಿತು. ಈ ಬೇಗದ ಮರಳುವಿಕೆ ಬಹುಕಾಲ ಪ್ರಶ್ನೆಯಾಗಿ ಉಳಿಯಿತು. ಆಸ್ಟ್ರಿಯಾದ ಲೇಖಕಿ ಎಲ್ಫ್ರೀಡೆ ಯೆಲಿನೆಕ್ ಬರೆದ, 1985ರಲ್ಲಿ ಬಾನ್‌ನಲ್ಲಿ ಪ್ರದರ್ಶನ ಕಂಡ ‘ಬುರ್ಗ್‌ಥಿಯೇಟರ್’ ನಾಟಕ ಈ ಕುಟುಂಬವನ್ನೇ ಗುರಿಯಾಗಿಸಿತ್ತು.

ಚಿತ್ರಗಳನ್ನು ನೋಡುವುದಾದರೆ ‘ಮಾಸ್ಕೆರಾಡೆ’ ಮೊದಲಿರಲಿ. ‘ಹೈಮ್‌ಕೇರ್’ಗೆ ಜರ್ಮನಿಯಲ್ಲಿ ಇಂದಿಗೂ ನಿರ್ಬಂಧವಿದೆ: ಪರಿಚಯ ಭಾಷಣ ಮತ್ತು ಚರ್ಚೆಯ ಜತೆಗಷ್ಟೇ ತೋರಿಸುತ್ತಾರೆ.