ಹಾಜರಿ ಪುಸ್ತಕದ ಪಕ್ಕ ಮನೆಯ ಕ್ಯಾಲೆಂಡರ್ ಇಟ್ಟು ಓದೋಣ

ಡಿ.ಎಡ್., ಬಿ.ಎಡ್. ಓದುವ ನಮಗೆಲ್ಲ ಈ ಪಾಠ ಬಂದೇ ಬರುತ್ತದೆ: ಆಸರೆ ಬೇಕಾದ ಮಕ್ಕಳು ಮತ್ತು ಅವರ ಕುಟುಂಬ. ಬಡತನ, ವಲಸೆ, ಅಂಗವೈಕಲ್ಯ, ಒಂಟಿ ಪೋಷಕರು ಅಂತ ಸಾಲಾಗಿ ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಆದರೆ ಕಾರವಾರದಿಂದ ಭಟ್ಕಳದವರೆಗಿನ ಯಾವುದೇ ಶಾಲೆಗೆ ಬೋಧನಾಭ್ಯಾಸಕ್ಕೆ ಹೋಗಿ ನಿಂತರೆ, ಯಾವ ಮಗುವಿನ ಕೈಯನ್ನು ಯಾವಾಗ ಹಿಡಿಯಬೇಕು ಅನ್ನೋದು ಆ ಪಟ್ಟಿಯಿಂದ ಗೊತ್ತಾಗುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಷ್ಟಕ್ಕೂ ತಿಂಗಳುಗಳಿವೆ. ಆ ತಿಂಗಳುಗಳನ್ನು ತಿಳಿದ ಶಿಕ್ಷಕರಿಗೆ ಮಗು ಶಾಲೆ ಬಿಡುವ ಮೊದಲೇ ಸುಳಿವು ಸಿಗುತ್ತದೆ.

ಸಿದ್ಧಾಂತದಿಂದಲೇ ಶುರು ಮಾಡೋಣ. ಯೂರಿ ಬ್ರಾನ್‌ಫೆನ್‌ಬ್ರೆನರ್ ಎಂಬ ಅಮೆರಿಕದ ಮನೋವಿಜ್ಞಾನಿಯ ಹೆಸರು ನಮ್ಮ ಮನೋವಿಜ್ಞಾನದ ಪಠ್ಯದಲ್ಲಿ ಬರುತ್ತದೆ. ಮಗುವಿನ ಸುತ್ತ ಹಲವು ಸುತ್ತುಗಳಿವೆ ಅಂತ ಅವರು ಹೇಳಿದರು. ಮನೆ ಮತ್ತು ತರಗತಿ ಮೊದಲ ಸುತ್ತು, ಅದು ಮೈಕ್ರೋ. ಮನೆ ಮತ್ತು ಶಾಲೆಯ ನಡುವಿನ ಸಂಬಂಧ ಮೀಸೋ. ಮಗು ಕಾಲಿಡದ, ಆದರೂ ಅದರ ಬದುಕನ್ನು ಅಲುಗಾಡಿಸುವ ಜಾಗ ಎಕ್ಸೋ. ಎಲ್ಲದರ ಹೊರಗೆ ಸಮಾಜದ ಕಾನೂನು, ನಂಬಿಕೆಗಳಿರುವ ಮ್ಯಾಕ್ರೋ. ಕಾಲ ಕಳೆದಂತೆ ಇವೆಲ್ಲ ಬದಲಾಗುವುದನ್ನು ಆಮೇಲೆ ಕ್ರೋನೋ ಅಂತ ಸೇರಿಸಿದರು. 1965ರಲ್ಲಿ ಅಮೆರಿಕದಲ್ಲಿ ಬಡ ಮಕ್ಕಳಿಗಾಗಿ ಹೆಡ್ ಸ್ಟಾರ್ಟ್ ಕಾರ್ಯಕ್ರಮ ರೂಪಿಸಿದವರಲ್ಲಿ ಇವರೂ ಒಬ್ಬರು. ಮಗುವಿಗೆ ಮಾತ್ರ ಕಲಿಸಿದರೆ ಸಾಲದು, ತಂದೆತಾಯಿಯನ್ನೂ ಜೊತೆಗೆ ಸೇರಿಸಿಕೊಳ್ಳಬೇಕು ಅನ್ನೋದು ಅವರ ವಾದವಾಗಿತ್ತು.

ಎಕ್ಸೋ ಅನ್ನೋದು ಓದುವಾಗ ಸ್ವಲ್ಪ ಗೊಂದಲ ಮಾಡುತ್ತದೆ. ನಮ್ಮ ಕರಾವಳಿಯ ಉದಾಹರಣೆ ಹಾಕಿದರೆ ಸಲೀಸಾಗಿ ಅರ್ಥವಾಗುತ್ತದೆ. ಕರ್ನಾಟಕ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಮೀನಿನ ಸಂತಾನ ಉಳಿಯಲಿ, ಮಳೆಗಾಲದ ಕಡಲಿನಲ್ಲಿ ಜೀವ ಹೋಗದಿರಲಿ ಅಂತ ಮಾಡಿದ ಒಳ್ಳೆಯ ನಿಯಮ ಅದು. ಆದರೆ ಟ್ರಾಲರ್ ಬಂದರಿನಲ್ಲಿ ನಿಂತರೆ ಅದರಲ್ಲಿ ದುಡಿಯುವವರ ಪಾಲಿನ ಹಣವೂ ನಿಲ್ಲುತ್ತದೆ. ಬುಟ್ಟಿ ಹೊತ್ತು ಮೀನು ಮಾರುವ ಅಮ್ಮನಿಗೆ ಸಿಗುವ ಮೀನು ಕಡಿಮೆ. ಐಸ್ ಪ್ಲಾಂಟಿನ ಕೂಲಿ, ಲೋಡಿಂಗ್ ಕೂಲಿಯೂ ಇಳಿಯುತ್ತದೆ. ನಾಡದೋಣಿಯವರು ಕಡಲು ಕೊಟ್ಟ ದಿನ ಮಾತ್ರ ಹೋಗುತ್ತಾರೆ. ಸಂಘದ ಸಾಲದ ಕಂತು ಮಾತ್ರ ವಾರವಾರ ಕಟ್ಟಲೇಬೇಕು. ಮಗು ಕಾಲಿಡದ ಈ ಬಂದರೇ ಅದರ ಪಾಲಿನ ಎಕ್ಸೋ.

ಶಾಲೆ ಶುರುವಾಗುವುದು ಯಾವಾಗ? ಅದೇ ಹೊತ್ತಿಗೆ. ನೋಟ್‌ಬುಕ್ಕು, ಕೊಡೆ, ಚಪ್ಪಲಿ, ಹೈಸ್ಕೂಲಿಗೆ ಹೋಗುವ ಅಣ್ಣನ ಖರ್ಚು, ಎಲ್ಲವೂ ಮನೆಯಲ್ಲಿ ದುಡ್ಡೇ ಇಲ್ಲದ ತಿಂಗಳಿಗೆ ಬಂದು ಬೀಳುತ್ತವೆ. ಜೂನ್ ಎರಡನೇ ವಾರ ಒಬ್ಬ ಹುಡುಗ ಮೂರು ದಿನ ಬರಲಿಲ್ಲ ಅಂದರೆ, "ಓದಿನಲ್ಲಿ ಆಸಕ್ತಿ ಇಲ್ಲ" ಅಂತ ಬರೆಯುವ ಮೊದಲು ಅವನ ಅಪ್ಪನ ಕೆಲಸ ಏನು ಅಂತ ನೋಡಬೇಕು. ಜೂನ್‌ನಲ್ಲಿ ನೋಟ್‌ಬುಕ್ ಇಲ್ಲದ ಮಗುವನ್ನು ನಿಲ್ಲಿಸಿ ಬೈಯುವುದು ನನ್ನ ಪ್ರಕಾರ ದೊಡ್ಡ ಅನ್ಯಾಯ. ಎಸ್‌ಡಿಎಂಸಿ (ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮೇ ತಿಂಗಳಲ್ಲೇ ಕೂತು ಹತ್ತಿಪ್ಪತ್ತು ಸೆಟ್ ಪುಸ್ತಕ ಎತ್ತಿಟ್ಟರೆ ಈ ಸಮಸ್ಯೆ ಎಷ್ಟೋ ಹಗುರವಾಗುತ್ತದೆ.

ಘಟ್ಟದ ಮೇಲೆ ಕ್ಯಾಲೆಂಡರ್ ಬೇರೆ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಕೊಯ್ಲು ಶುರುವಾದರೆ ಕೂಲಿ ಮನೆಗಳಲ್ಲಿ ದೊಡ್ಡವರೆಲ್ಲ ಸುಲಿಯುವ ಕೆಲಸಕ್ಕೆ ಕೂರುತ್ತಾರೆ. ತಮ್ಮ ತಂಗಿಯರನ್ನು ನೋಡಿಕೊಳ್ಳಲು ಐದನೇ ಕ್ಲಾಸಿನ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಯಲ್ಲಾಪುರ, ಮುಂಡಗೋಡ, ಹಳಿಯಾಳದಲ್ಲಿ ದನ ಸಾಕುವ ಗೌಳಿಗರ ವಾಡಗಳಿಂದ, ಕಾಡಂಚಿನ ಸಿದ್ದಿ ಸಮುದಾಯದ ಮನೆಗಳಿಂದ ಬರುವ ಮಕ್ಕಳಿಗೆ ಜುಲೈ ಅಂದರೆ ಹಳ್ಳ. ಹಳ್ಳ ದಾಟುವ ಕಾಲುಸಂಕ (ಪುಟ್ಟ ಕಾಲುಸೇತುವೆ) ಮುಳುಗಿದ ದಿನ ಆ ಮಗು ಗೈರು. ಇದನ್ನು ಗೈರು ಅಂತಲೇ ಬರೆಯಬೇಕು, ಆದರೆ ಪಕ್ಕದಲ್ಲಿ ಕಾರಣವನ್ನೂ ಬರೆದಿಟ್ಟುಕೊಳ್ಳಿ. ಮಕ್ಕಳ ಗ್ರಾಮಸಭೆಯಲ್ಲಿ ಸಂಕ ಬೇಕು ಅಂತ ಕೇಳುವಾಗ ಆ ಟಿಪ್ಪಣಿಯೇ ಆಧಾರ.

ಮನೆಮಾತಿನ ವಿಷಯ. ಕಾರವಾರದಲ್ಲಿ ಕೊಂಕಣಿ, ಭಟ್ಕಳದ ನವಾಯತ ಮುಸ್ಲಿಮರ ಮನೆಗಳಲ್ಲಿ ನವಾಯತಿ, ಗೌಳಿ ಮನೆಗಳಲ್ಲಿ ಮರಾಠಿಯ ಒಂದು ಬಗೆ. ಒಂದನೇ ತರಗತಿಗೆ ಬಂದ ಮಗು ಸುಮ್ನೆ ಕೂತಿದೆ ಅಂದರೆ ಅದಕ್ಕೆ ಕನ್ನಡ ಇನ್ನೂ ಕಿವಿಗೆ ಬಿದ್ದಿಲ್ಲದಿರಬಹುದು. ನಿಜವಾಗಿಯೂ ಕಿವಿ ಕೇಳದೆಯೂ ಇರಬಹುದು. ಮಗುವಿನ ಮನೆಮಾತಿನಲ್ಲಿ ಎರಡು ಪ್ರಶ್ನೆ ಕೇಳಿ ನೋಡಿ. ಆಗಲೂ ಉತ್ತರ ಬರದಿದ್ದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ತಪಾಸಣೆಗೆ ಬಂದಾಗ ತಪ್ಪದೆ ತೋರಿಸಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಅದರಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಎಷ್ಟೋ ಮಕ್ಕಳಿಗೆ "ದಡ್ಡ" ಅನ್ನೋ ಹೆಸರು ಬಂದಿರುವುದು ಇದು ಗೊತ್ತಿಲ್ಲದೆ.

ಮನೆ ಭೇಟಿ ಹೇಗೆ?

ಇದರ ಬಗ್ಗೆ ಪಠ್ಯದಲ್ಲಿ ಎರಡು ಸಾಲು ಇರುತ್ತದೆ. ನಿಜವಾದ ಕೆಲಸ ಇರುವುದೇ ಇಲ್ಲಿ.

ಮೊದಲು ಹೊತ್ತು ನೋಡಿ. ಮೀನು ಮಾರುವ ತಾಯಿ ಬೆಳಿಗ್ಗೆ ಮನೆಯಲ್ಲಿ ಸಿಗುವುದಿಲ್ಲ. ಕೂಲಿಗೆ ಹೋದವರು ಸಂಜೆ ದಣಿದಿರುತ್ತಾರೆ. ಯಾವಾಗ ಬರಲಿ ಅಂತ ಮಗುವಿನ ಮೂಲಕ ಕೇಳಿ ಕಳಿಸುವುದು ಮರ್ಯಾದೆ. ಹಾಜರಿ ಪುಸ್ತಕ ಕೈಯಲ್ಲಿ ಹಿಡಿದು ಹೋಗಬೇಡಿ, ಅದನ್ನು ಕಂಡರೆ ದೂರು ತಂದಿದ್ದಾರೆ ಅಂತಲೇ ಅನಿಸುತ್ತದೆ. "ಯಾಕೆ ಕಳಿಸ್ತಿಲ್ಲ?" ಅಂದರೆ ಸಿಗುವ ಉತ್ತರ ಒಂದೇ: "ನಾಳೆಯಿಂದ ಕಳಿಸ್ತೆ ಅಕ್ಕೋರೇ." ಅಲ್ಲಿಗೆ ಮಾತು ಮುಗಿಯಿತು. "ಎರಡು ದಿನದಿಂದ ಕಾಣಲಿಲ್ಲ ಅಮ್ಮಾ, ಹುಷಾರಿದ್ದಾನಾ ಅಂತ ನೋಡಿಕೊಂಡು ಹೋಗೋಣ ಅಂತ ಬಂದೆ. ಅವನು ಲೆಕ್ಕ ಚೆನ್ನಾಗಿ ಮಾಡ್ತಾನೆ" ಅಂದರೆ ಮಾತು ಶುರುವಾಗುತ್ತದೆ. ಅಪ್ಪ ಗೋವಾಕ್ಕೆ ಕೆಲಸಕ್ಕೆ ಹೋಗಿ ತಿಂಗಳಾದರೂ ದುಡ್ಡು ಕಳಿಸಿಲ್ಲ ಅನ್ನೋದು, ಅಜ್ಜಿ ಹಾಸಿಗೆ ಹಿಡಿದಿದ್ದಾಳೆ ಅನ್ನೋದು ಆಗ ಹೊರಗೆ ಬರುತ್ತದೆ.

ಅಲ್ಲಿ ಕೇಳಿದ್ದು ಸ್ಟಾಫ್ ರೂಮಿಗೆ ಹೋಗಬಾರದು. ನಮ್ಮ ಊರುಗಳು ಚಿಕ್ಕವು. ಬಿಸಿಯೂಟದ ಅಡುಗೆಯವರು, ಪಂಚಾಯಿತಿ ಸದಸ್ಯರು, ಅಂಗನವಾಡಿ ಟೀಚರ್, ಎಲ್ಲರೂ ಒಬ್ಬರಿಗೊಬ್ಬರು ನೆಂಟರೇ. ತನ್ನ ಮನೆಯ ಮಾತು ಊರೆಲ್ಲ ಹರಡಿದ ಮೇಲೆ ಯಾವ ತಾಯಿ ಮತ್ತೆ ಬಾಯಿ ಬಿಡುತ್ತಾಳೆ? ಇನ್ನೊಂದು, ಬಡ ಮಕ್ಕಳನ್ನು ವೇದಿಕೆಗೆ ಕರೆದು ಬ್ಯಾಗ್ ಕೊಟ್ಟು ಫೋಟೋ ತೆಗೆಯುವ ಪದ್ಧತಿ ನಿಲ್ಲಬೇಕು. ಕೊಡುವವರ ಮನಸ್ಸು ಒಳ್ಳೆಯದೇ ಇರಬಹುದು. ಆ ಮಗುವಿಗೆ ಮಾತ್ರ ವರ್ಷವಿಡೀ ಅದೇ ಗುರುತು ಉಳಿಯುತ್ತದೆ.

ಯಾರ ಬಾಗಿಲು ತಟ್ಟಬೇಕು

ಶಿಕ್ಷಕರೇ ಎಲ್ಲವನ್ನೂ ಹೊರಲು ಆಗುವುದಿಲ್ಲ. ಹೊರಬೇಕಾಗಿಯೂ ಇಲ್ಲ. ಯಾವುದು ಯಾರ ಕೆಲಸ ಅಂತ ತಿಳಿದಿರಬೇಕು.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಾವೇರಿ, ಕೊಪ್ಪಳದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗುವಿನ ಹತ್ತಿರ ಜನನ ಪ್ರಮಾಣಪತ್ರ ಇಲ್ಲ, ಟಿ.ಸಿ. ಬಂದಿಲ್ಲ ಅಂತ 6ರಿಂದ 14 ವರ್ಷದ ಆ ಮಗುವನ್ನು ಸರ್ಕಾರಿ ಶಾಲೆ ವಾಪಸ್ ಕಳಿಸುವಂತಿಲ್ಲ. ಸೆಕ್ಷನ್ 17 ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಭಾಗ ಪೋಷಕರೇ ಇರಬೇಕು ಅನ್ನೋದಕ್ಕೂ ಇದೇ ಕಾಯ್ದೆ ಆಧಾರ.

ತಂದೆ ತೀರಿಕೊಂಡ, ಅಥವಾ ತಂದೆತಾಯಿಗೆ ಗಂಭೀರ ಕಾಯಿಲೆ ಇರುವ ಮಕ್ಕಳಿಗೆ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4000 ರೂಪಾಯಿ ಸಿಗುವ ಅವಕಾಶ ಇದೆ. ಆದಾಯದ ಮಿತಿ ಇದೆ, ದಾಖಲೆ ಬೇಕು. ಅರ್ಜಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಬೇಕು. ಇದರ ಬಗ್ಗೆ ಕೇಳಿಯೇ ಇರದ ತಾಯಂದಿರು ಜಾಸ್ತಿ. ಅವರಿಗೆ ಫಾರಂ ತುಂಬಿಕೊಡುವುದು ಪಾಠ ಮಾಡಿದಷ್ಟೇ ದೊಡ್ಡ ಕೆಲಸ.

ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ ದಾರಿ ಪೂರ್ತಿ ಬೇರೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದು ಅಪರಾಧ. ಶಾಲೆಯಲ್ಲೇ ವಿಚಾರಣೆ ಮಾಡುವುದು, ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವುದು, ಮಗುವಿನಿಂದ ಮತ್ತೆ ಮತ್ತೆ ಹೇಳಿಸುವುದು ಬೇಡವೇ ಬೇಡ. ಮಗು ಹೇಳಿದಷ್ಟು ಕೇಳಿ, "ನೀನು ಹೇಳಿದ್ದು ಒಳ್ಳೆಯದಾಯ್ತು, ಇದರಲ್ಲಿ ನಿನ್ನ ತಪ್ಪಿಲ್ಲ" ಅನ್ನಿ. ಮಗುವಿನದೇ ಮಾತುಗಳಲ್ಲಿ ಬರೆದಿಟ್ಟುಕೊಳ್ಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ಬಾಲ್ಯವಿವಾಹದ ಸುದ್ದಿ ಬಂದಾಗಲೂ ಇದೇ ಸಂಖ್ಯೆ. ಮಗುವಿನ ಗುರುತು ಎಲ್ಲೂ ಹೊರಬರಬಾರದು.

ದುರಂತ ಕಂಡ ಮಕ್ಕಳ ಬಗ್ಗೆ ಇಷ್ಟಾದರೂ ಹೇಳಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಗಂಗಾವಳಿಯ ಆಚೆ ದಡದ ಉಳುವರೆಯಲ್ಲೂ ಮನೆಗಳು ಹಾಳಾದವು. ಇಂಥದ್ದನ್ನು ಕಂಡ ಮಗು ಜೋರು ಮಳೆ ಬಂದಾಗ ಪಾಠ ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಆಗ ಗದರಬಾರದು, "ಏನಾಯ್ತು ಹೇಳು" ಅಂತ ಕೆದಕಲೂಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಮಾನಸಿಕ ಪ್ರಥಮ ಚಿಕಿತ್ಸೆ ಮೂರು ಹೆಜ್ಜೆ ಹೇಳುತ್ತದೆ: ನೋಡಿ, ಕೇಳಿ, ಸಹಾಯ ಇರುವ ಕಡೆಗೆ ಸೇರಿಸಿ. ಪ್ರಾರ್ಥನೆ, ಊಟ, ಆಟ ಎಂದಿನ ಹೊತ್ತಿಗೆ ನಡೆಯುವುದೇ ಆ ಮಗುವಿಗೆ ದೊಡ್ಡ ಧೈರ್ಯ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಅಂತ ಮನೆಯವರು ಹೇಳಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವರಿಗೆ ಕೊಡಿ. ಕರೆ ಉಚಿತ.

ಕೊನೆಯದು, ಏಳರಿಂದ ಎಂಟಕ್ಕೆ ಹೋಗುವಾಗ. ನಮ್ಮ ಹಿರಿಯ ಪ್ರಾಥಮಿಕ ಶಾಲೆಗಳು ಹೆಚ್ಚಾಗಿ ಏಳನೇ ತರಗತಿಗೇ ಮುಗಿಯುತ್ತವೆ. ಹೈಸ್ಕೂಲು ದೂರ. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ. ಹುಡುಗರಿಗೆ ಪಾಸ್ ಮಾಡಿಸಬೇಕು, ಬಸ್ಸೇ ಬಾರದ ಊರಿನವರಿಗೆ ಹಾಸ್ಟೆಲ್ ನೋಡಬೇಕು. ಟಿ.ಸಿ. ಕೊಟ್ಟ ಮೇಲೆ ನಮ್ಮ ಜವಾಬ್ದಾರಿ ಮುಗಿಯಿತು ಅಂತ ಅಂದುಕೊಂಡರೆ ಆ ಸಂದಿಯಲ್ಲೇ ಮಗು ಕಳೆದುಹೋಗುತ್ತದೆ. ಏಳನೇ ತರಗತಿ ಮುಗಿಸಿದ ಪ್ರತಿ ಮಗುವಿನ ಹೆಸರು ಹಿಡಿದು ಹೈಸ್ಕೂಲಿಗೆ ಫೋನ್ ಮಾಡಿ, ದಾಖಲಾಗಿದೆಯಾ ಅಂತ ಕೇಳಿ. ಮನೆಯ ಪರಿಸ್ಥಿತಿ ಗೊತ್ತಿರಬೇಕಾದ ಮಕ್ಕಳ ವಿಷಯವನ್ನು, ಮನೆಯವರ ಒಪ್ಪಿಗೆ ಪಡೆದು, ಅಲ್ಲಿಯ ತರಗತಿ ಶಿಕ್ಷಕರಿಗೆ ಮಾತ್ರ ತಿಳಿಸಿ. ದಾಖಲಾಗದ ಹೆಸರು ಸಿಕ್ಕರೆ ಅದೇ ವಾರ ಆ ಮನೆಗೆ ಹೋಗಿ ಬನ್ನಿ.