ವೈರಸ್ಸಿನ ಕಾಪಿ ಹಿಡಿಯೋ ಕೆಲಸ

ಬಡ ದೇಶದಲ್ಲಿ ಯಾವುದೋ ಹೊಸ ಜ್ವರ ಶುರುವಾಯ್ತು ಅಂದ್ರೆ ಸ್ಯಾಂಪಲ್ಲು ವಿಮಾನ ಹತ್ತಿ ದೂರದ ದೊಡ್ಡ ಲ್ಯಾಬಿಗೆ ಹೋಗ್ಬೇಕು, ಅಲ್ಲಿಂದ ಯಾವತ್ತೋ ರಿಪೋರ್ಟ್ ಬರ್ಬೇಕು ಅಂತ ಇವತ್ತಿಗೂ ನಂಬಿರೋರು ತುಂಬಾ ಜನ ಇದಾರೆ. ಅಷ್ಟರಲ್ಲಿ ವೈರಸ್ ಇನ್ನೂ ನಾಲ್ಕು ಊರು ದಾಟಿರುತ್ತಲ್ಲ, ಅದನ್ನ ಯಾಕೆ ಯಾರೂ ಯೋಚನೆ ಮಾಡಲ್ಲ?

ಪರೀಕ್ಷೇಲಿ ಯಾರು ಯಾರನ್ನ ನೋಡಿ ಕಾಪಿ ಹೊಡೆದ್ರು ಅಂತ ಮೇಷ್ಟ್ರು ಕಂಡುಹಿಡಿಯೋದು ಸರಿ ಉತ್ತರದಿಂದ ಅಲ್ಲ, ತಪ್ಪು ಉತ್ತರದಿಂದ. ಇಬ್ಬರದ್ದೂ ಒಂದೇ ವಿಚಿತ್ರ ತಪ್ಪು ಅಂದ್ರೆ ಸಿಕ್ಕಿಬಿದ್ರು ಅಂತ್ಲೇ. ವೈರಸ್ಸಿನದ್ದೂ ಹಾಗೇ. ಎಬೋಲಾ ಅನ್ನೋ ಮಾರಕ ಜ್ವರದ ವೈರಸ್ಸಿನ ಜೀನೋಮ್, ಅಂದ್ರೆ ಅದರ ಇಡೀ ಆನುವಂಶಿಕ ಬರಹ, ಸುಮಾರು 19,000 ಅಕ್ಷರದ್ದು, ಅದು ತನ್ನನ್ನ ತಾನೇ ನಕಲು ಮಾಡ್ಕೊಳ್ಳುವಾಗ ಆಗಾಗ ಒಂದೊಂದು ಅಕ್ಷರ ತಪ್ಪುತ್ತೆ, ಆ ತಪ್ಪು ಮುಂದಿನ ರೋಗಿಗೂ ಹೋಗುತ್ತೆ, ಅಲ್ಲಿ ಇನ್ನೊಂದು ಸೇರ್ಕೊಳ್ಳುತ್ತೆ. ಹಾಗಾಗಿ ತಪ್ಪುಗಳನ್ನ ಜೋಡಿಸ್ತಾ ಹೋದ್ರೆ ರೋಗ ಬಂದ ದಾರಿ ಹೆಚ್ಚುಕಮ್ಮಿ ಕಾಣುತ್ತೆ.

2015ರಲ್ಲಿ ಪಶ್ಚಿಮ ಆಫ್ರಿಕಾದ ಗಿನಿಯಲ್ಲಿ ಎಬೋಲಾ ಹರಡಿದ್ದಾಗ ಅಲ್ಲೇ ಇದನ್ನ ಮಾಡಿದ್ದು ಅಂಗೈಯಲ್ಲಿ ಹಿಡಿಯೋವಷ್ಟು ಚಿಕ್ಕ ನ್ಯಾನೋಪೋರ್ ಸೀಕ್ವೆನ್ಸರ್, ಅಂದ್ರೆ ಜೀನೋಮಿನ ಅಕ್ಷರ ಓದೋ ಮಷೀನ್, ಲ್ಯಾಪ್‌ಟಾಪಿಗೆ ಸಿಕ್ಕಿಸಿ. ಸ್ಯಾಂಪಲ್ ಕೈಗೆ ಬಂದ 24 ಗಂಟೆ ಒಳಗೆ ಫಲಿತಾಂಶ! 2018ರಲ್ಲಿ ನೈಜೀರಿಯಾದಲ್ಲಿ ಇಲಿಗಳಿಂದ ಬರೋ ಲಾಸಾ ಅನ್ನೋ ವೈರಸ್ ಜ್ವರ ವಿಪರೀತ ಏರಿದಾಗ, ಹೊಸ ತಳಿ ಬಂದು ಜನರಿಂದ ಜನರಿಗೆ ಹರಡ್ತಿದೆಯಾ ಅಂತ ಎಲ್ಲರಿಗೂ ದಿಗಿಲು. ಅಲ್ಲಿನ ಇರುವಾ ಅನ್ನೋ ಊರಿನ ಆಸ್ಪತ್ರೇಲೇ ಜೀನೋಮ್ ಓದಿ ನೋಡಿದ್ರೆ ತಪ್ಪುಗಳು ಒಂದಕ್ಕೊಂದು ತಾಳೆನೇ ಆಗ್ಲಿಲ್ಲ, ಅಂದ್ರೆ ಹೆಚ್ಚಿನವರಿಗೆ ಬೇರೆಬೇರೆಯಾಗಿ ಇಲಿಗಳಿಂದ ಬಂದಿದ್ದು. ಇಲಿ ಕಡೆ ಗಮನ ಕೊಡ್ಬೇಕಾ, ಜನರನ್ನ ದೂರ ಇಡ್ಬೇಕಾ ಅನ್ನೋ ತೀರ್ಮಾನ ಇದರ ಮೇಲೇ ನಿಂತಿರುತ್ತೆ. ಇನ್ನು 2021ರಲ್ಲಿ ಗಿನಿಯಲ್ಲಿ ಎಬೋಲಾ ಮತ್ತೆ ಬಂದಾಗಂತೂ ಮಜಾ, ಐದಾರು ವರ್ಷದಲ್ಲಿ ಆಗ್ಬೇಕಿದ್ದಷ್ಟು ತಪ್ಪುಗಳೇ ಅದರಲ್ಲಿರಲಿಲ್ಲ! ಕಾಡುಪ್ರಾಣಿಗಳಿಂದ ಹೊಸದಾಗಿ ಬಂದಿದ್ದಲ್ಲ, ಹಿಂದಿನ ಸಲ ಬದುಕುಳಿದ ಯಾರದ್ದೋ ದೇಹದಲ್ಲಿ ಸುಮ್ಮನೆ ಕೂತಿತ್ತು ಅನ್ನೋ ತೀರ್ಮಾನಕ್ಕೆ ಬಂದ್ರು.

ಆದ್ರೆ ಮಷೀನ್ ಕೊಡಿಸಿ ಫೋಟೋ ತೆಗೆಸ್ಕೊಂಡ್ರೆ ಏನೂ ಆಗಲ್ಲ. ಅದಕ್ಕೆ ಬೇಕಾದ ಕೆಮಿಕಲ್ಲುಗಳು ಹೊರಗಿಂದ ಬರ್ಬೇಕು, ತಣ್ಣಗಿರ್ಬೇಕು, ಕರೆಂಟ್ ಹೋಗ್ಬಾರ್ದು, ರೋಗ ಇಲ್ಲದ ವರ್ಷಾನೂ ಕಲಿತವರಿಗೆ ಸಂಬಳ ಸಿಗ್ಬೇಕು. ಆಫ್ರಿಕಾದ ಮೊದಲ ಕೋವಿಡ್ ಜೀನೋಮನ್ನ 2020ರ ಮಾರ್ಚಲ್ಲಿ ಕೆಲವೇ ದಿನದಲ್ಲಿ ಓದಿದ್ದು ನೈಜೀರಿಯಾದ ಎಡೆ ಊರಲ್ಲಿರೋ ವಿಜ್ಞಾನಿ ಕ್ರಿಶ್ಚಿಯನ್ ಹಾಪಿ ಅವರ ತಂಡ, ಅವರು 2014ರ ಎಬೋಲಾ ಕಾಲದಿಂದ್ಲೇ ಪಳಗಿದವರು. 2021ರ ನವೆಂಬರಲ್ಲಿ ಬೋಟ್ಸ್ವಾನಾ, ದಕ್ಷಿಣ ಆಫ್ರಿಕಾದವರು ಕೋವಿಡ್ಡಿನ ಹೊಸ ತಳಿ ಒಮಿಕ್ರಾನ್ ಹಿಡಿದು ಜಗತ್ತಿಗೆ ಮುಂಚೆನೇ ಹೇಳಿದ್ರಲ್ಲ, ಅವರಿಗೆ ಸಿಕ್ಕ ಬಹುಮಾನ ಏನು ಗೊತ್ತಾ, ವಿಮಾನ ಬಂದ್! ಹೀಗಾದ್ರೆ ಮುಂದಿನ ಸಲ ಯಾರು ಬಾಯಿ ಬಿಡ್ತಾರೆ?